ಓಲೆಗರಿಯ ಚಿತ್ರ ಮಸುಕಾಗುವುದೇಕೆ?

ಯಾದಗಿರಿ, ಶಹಾಪುರ, ಸುರಪುರ ಪ್ರಾಂತದ ಹಳೆಯ ಮನೆಗಳಲ್ಲಿ ಓಲೆಗರಿಯ ಕಟ್ಟುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಮನೆಯ ಮಕ್ಕಳು ಡಿಜಿಟಲ್ ಕ್ಯಾಮೆರಾದಿಂದ ಅವುಗಳ ಚಿತ್ರ ತೆಗೆದು, ಓದಿಸಲೆಂದು ನಮ್ಮಲ್ಲಿಗೆ ತರುವುದು ಸಂತೋಷದ ಸಂಗತಿಯೇ. ಆದರೆ ಹಲವು ಚಿತ್ರಗಳಲ್ಲಿ ಅಕ್ಷರವೇ ಕಾಣಿಸದು. ಪಕಾರಕ್ಕೂ ಷಕಾರಕ್ಕೂ ಇರುವ ಅಂತರ ಒಳಗಿನ ಒಂದು ಗೆರೆ ಮಾತ್ರ. ಅದು ಮಸುಕಾದರೆ ಶಬ್ದವೇ ಬೇರೆಯಾಗುತ್ತದೆ. ಹುಳು ತಿಂದ ಗರಿ ನಾಳೆ ಪುಡಿಯಾದರೆ ಉಳಿಯುವುದು ಆ ಚಿತ್ರವೊಂದೇ.

ಮೊದಲು ಮಸುಕಿನ ಬಗೆಯನ್ನು ಅರಿಯಬೇಕು. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿರಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗರಿ ಮಸುಕಾಗಿ, ಕೆಳಗೆ ಹಾಸಿದ ಬಟ್ಟೆಯ ನೇಯ್ಗೆ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಮಂಜು ಕವಿದಂತಿದ್ದರೆ ಮಸೂರದ ಮೇಲೆ ಬೆರಳಿನ ಜಿಡ್ಡು ಕುಳಿತಿದೆ. ಮೃದುವಾದ ಕುಂಚದಿಂದ ಧೂಳು ಜಾಡಿಸಿ, ಆಮೇಲೆ ಮಸೂರದ ಬಟ್ಟೆಯಿಂದ ಒರೆಸಬೇಕು. ಧೋತರದ ಚುಂಗು ಈ ಕೆಲಸಕ್ಕೆ ಸಲ್ಲದು.

ನಮ್ಮ ಪಡಸಾಲೆಗಳಲ್ಲಿ ಬೆಳಕು ಕಡಿಮೆ. ಆಗ ಶಟರು ಹೆಚ್ಚು ಹೊತ್ತು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಕೈ ನಡುಗಿದರೆ ಅಕ್ಷರವೂ ನಡುಗುತ್ತದೆ. ಗರಿ ಚಲಿಸುವ ವಸ್ತುವಲ್ಲವಾದ್ದರಿಂದ ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇರಿಸಿ, 2 ಸೆಕೆಂಡಿನ ಟೈಮರ್ ಹಚ್ಚುವುದೇ ಉತ್ತಮ. ಕೈಯಲ್ಲಿ ಹಿಡಿದೇ ತೆಗೆಯುವವರು ಶಟರಿನ ವೇಗವನ್ನು ಸೆಕೆಂಡಿನ 1/60ಕ್ಕಿಂತ ಇಳಿಸಬಾರದು; ಜೂಮ್ ಎಳೆದರೆ ವೇಗ ಇನ್ನೂ ಹೆಚ್ಚಬೇಕು. ಅದಕ್ಕಾಗಿ ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಕಾಳುಕಾಳು ಕಾಣಿಸುವುದುಂಟು. ಚಿಂತೆಯಿಲ್ಲ, ಕಾಳಿನ ನಡುವೆಯೂ ಅಕ್ಷರ ಓದಬಹುದು, ಅಲುಗಿದ್ದನ್ನು ಓದಲಾಗದು.

ಫೋಕಸ್ಸಿನ ತೊಡಕು ಬೇರೆ. ಕ್ಯಾಮೆರಾ ಕಪ್ಪು-ಬಿಳುಪಿನ ಅಂಚನ್ನು ಹುಡುಕುತ್ತದೆ. ಮಸಿ ತೊಡೆಯದ ಗರಿಯಲ್ಲಿ ಅದಕ್ಕೆ ಹಿಡಿತ ಸಿಗದು. ಫೋಕಸ್ ಚೌಕವನ್ನು ಸ್ಪಷ್ಟವಾದ ಅಕ್ಷರದ ಮೇಲೋ ಗರಿಯ ರಂಧ್ರದ ಅಂಚಿನ ಮೇಲೋ ನಿಲ್ಲಿಸಿ, ಗುಂಡಿಯನ್ನು ಅರ್ಧ ಒತ್ತಿ, ಹಸಿರು ಗುರುತು ಬಂದ ಬಳಿಕ ಪೂರ್ತಿ ಒತ್ತಬೇಕು. ಬಹಳ ಸಮೀಪ ಹೋದರೆ ಯಾವ ಮಸೂರವೂ ಹಿಡಿಯದು. ಹೂವಿನ ಗುರುತಿನ ವಿಧಾನ ಆರಿಸಿರಿ, ಇಲ್ಲವೇ ಗೇಣುದ್ದ ಹಿಂದೆ ಸರಿಯಿರಿ. ಗರಿ ಬಾಗಿದ್ದರೆ ನಡುವೆ ಸ್ಪಷ್ಟ, ತುದಿಗಳಲ್ಲಿ ಮಸುಕು. ಒತ್ತಿ ಚಪ್ಪಟೆ ಮಾಡಲು ಹೋಗಿ ಗರಿ ಮುರಿಯಬೇಡಿರಿ, ಅಪರ್ಚರನ್ನು ಎಫ್ 8ರಷ್ಟು ಕಿರಿದು ಮಾಡಿದರೆ ಸಾಕು.

ಶಿರವಾಳದ ಗುಡಿಗಳ ಕಲ್ಲುಗಳಿಗೆ ನಡುಹಗಲು ಆಗದು. ನೆತ್ತಿಯ ಬಿಸಿಲಿಗೆ ಕೆತ್ತನೆ ಚಪ್ಪಟೆಯಾಗುತ್ತದೆ. ಬೆಳಗಿನ ಓರೆ ಬೆಳಕಿಗೆ ಪ್ರತಿ ಗೀರೂ ಎದ್ದು ನಿಲ್ಲುತ್ತದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ದೂರದಿಂದ ತೆಗೆಯುವವರೂ ಹೊತ್ತು ನೋಡಬೇಕು. ಬೇಸಿಗೆಯ ಮಧ್ಯಾಹ್ನ ನೆಲದಿಂದೇಳುವ ಝಳಕ್ಕೆ ಬೆಟ್ಟದ ಅಂಚೇ ಕದಲುತ್ತದೆ. ಎಷ್ಟು ಬೆಲೆಯ ಮಸೂರವಾದರೂ ಅದನ್ನು ನಿಲ್ಲಿಸಲಾರದು.