ತೆಂಗಿನ ಬುಡದ ಲಕೋಟೆ ಕತ್ತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಮರ ಸತ್ತರೆ ಸಾಮಾನ್ಯವಾಗಿ ಇಟ್ಟಿಗೆ ಗೂಡಿನ ಲಾರಿ ಹತ್ತುತ್ತದೆ. ಮಳೆ ಕೈಕೊಟ್ಟ ವರ್ಷಗಳು, ಕಪ್ಪುತಲೆ ಹುಳು, ಅಣಬೆ ರೋಗ, ಕಾಂಡ ಸೋರುವ ರೋಗ, ಕಾರಣ ಯಾವುದಾದರೂ ಇರಬಹುದು. ತಲೆಮಾರಿನ ಕಾಲ ಕಾಯಿ ಕೊಟ್ಟ ಮರ ಸೌದೆಯ ಲೆಕ್ಕಕ್ಕೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದರ ಬುಡದಲ್ಲಿ ಬೀಟೆಯ ಪಕ್ಕಕ್ಕಿಟ್ಟರೂ ಸೈ ಎನ್ನಿಸುವ ಮರವಿದೆ. ನಾನು ಅದನ್ನು ಲೇತಿಗೆ ಕೊಟ್ಟು ಲಕೋಟೆ ಬಿಡಿಸುವ ಕತ್ತಿ ಕಡೆಯುತ್ತೇನೆ.

"ಸೌದೆಗೆ ಹೋಗೋ ಮರ ಕಣಣ್ಣ, ನಾರು ಬಿಟ್ರೆ ಇದ್ರಲ್ಲಿ ಏನೈತೆ?" ಎಂದು ತೋಟದವರು ಕೇಳುತ್ತಾರೆ. ಅದರ ಬೆಲೆ ಇರುವುದೇ ಆ ನಾರಿನಲ್ಲಿ. ತೆಂಗು ಹುಲ್ಲು, ಬಿದಿರಿನಂತೆ ಏಕದಳ ಸಸ್ಯ. ತೇಗ, ಹಲಸಿಗಿರುವ ವರ್ಷದ ಉಂಗುರ ಇದಕ್ಕಿಲ್ಲ, ನಡುವೆ ಚೇಗೂ ಇಲ್ಲ. ಇಲ್ಲಿ ಎಲ್ಲವೂ ತಿರುಗುಮುರುಗು: ಗಟ್ಟಿ ಹೊರಗೆ, ಮೆತ್ತಗಿನದು ಒಳಗೆ. ಹಳೆಯ ಮರದ ಬುಡದಲ್ಲಿ ಹೊರಸುತ್ತಿನ ಮರ ಘನ ಮೀಟರಿಗೆ 600 ಕಿಲೋ ದಾಟುತ್ತದೆ, ನಡುವಿನ ತಿರುಳು 400ನ್ನೂ ಮುಟ್ಟುವುದಿಲ್ಲ. ಕೊಂಬೆ ಒಡೆಯದ ಮರವಾದ್ದರಿಂದ ಗಂಟುಗಳಿಲ್ಲ. ಫಿಲಿಪೀನ್ಸಿನವರು ಇದರ ಬೆಲೆ ಬಲ್ಲವರು. 1970ರ ದಶಕದ ಕೊನೆಯಲ್ಲಿ ಮನಿಲಾದಲ್ಲಿ ತೆಂಗಿನ ಮರ, ಚಿಪ್ಪುಗಳಿಂದಲೇ ಒಂದು ಅರಮನೆಯನ್ನು ಸಿಂಗರಿಸಿದರು. ಆದರೆ ಗಟ್ಟಿ ಪದರ ಎರಡು ಮೂರು ಅಂಗುಲ ದಪ್ಪ ಸಿಕ್ಕರೆ ಹೆಚ್ಚು. ದೊಡ್ಡ ಬಟ್ಟಲಿಗೆ ಅದು ಸಾಲದು. ಅಂಗುಲ ದಪ್ಪದ ಉದ್ದನೆಯ ರೀಪರ್ ಸಲೀಸಾಗಿ ಬರುತ್ತದೆ, ಲಕೋಟೆ ಕತ್ತಿಗೆ ಬೇಕಾದದ್ದೂ ಅಷ್ಟೇ.

ಹಸಿ ಮರದಲ್ಲಿ ಸಕ್ಕರೆ, ಗಂಜಿ ಇರುವುದರಿಂದ ಬೂಸರು ಬೇಗ ಹತ್ತುತ್ತದೆ. ಉರುಳಿಸಿದ ಕೂಡಲೇ ಸೀಳಿ, ನೆರಳಲ್ಲಿ ಗಾಳಿಯಾಡುವಂತೆ ಅಟ್ಟಿ ಇಡಬೇಕು.

ಒಣಗಿದ ಮೇಲೆ 9 ಅಂಗುಲ ಉದ್ದ, 25 ಮಿ.ಮೀ. ಚೌಕದ ತುಂಡು ತೆಗೆದುಕೊಳ್ಳುತ್ತೇನೆ. ಎರಡೂ ತುದಿಗಳಲ್ಲಿ ನಡುಬಿಂದು ಗುರುತಿಸಿ, ಅದರ ಆಚೆ ಈಚೆ ಒಂದೇ ಗೆರೆಯ ಮೇಲೆ 9 ಮಿ.ಮೀ. ದೂರಕ್ಕೆ ಇನ್ನೆರಡು ಬಿಂದು ಇಡುತ್ತೇನೆ. ಕೆಲಸದ ಮರ್ಮವೆಲ್ಲ ಈ ಎರಡು ಬಿಂದುಗಳಲ್ಲಿದೆ. ನಡುಬಿಂದುವಿನಲ್ಲಿ ತಿರುಗಿಸಿದರೆ ಬರುವುದು ಬರೀ ಲಟ್ಟಣಿಗೆ. ಎಡ ಬಿಂದುವಿಗೆ ಸಿಕ್ಕಿಸಿ ಅಲಗಿನ ಭಾಗವನ್ನು ಕಡೆದರೆ ಬಲಮೈ ಕಮಾನಾಗುತ್ತದೆ, ಬಲ ಬಿಂದುವಿಗೆ ಬದಲಿಸಿದರೆ ಎಡಮೈ. ಎರಡು ಕಮಾನು ಕೂಡಿದಲ್ಲಿ ಎರಡೂ ಬದಿಗೆ ಅಂಚು ತಾನಾಗಿ ಮೂಡುತ್ತದೆ. ಬಿಂದುವಿನಿಂದ 11.5 ಮಿ.ಮೀ.ವರೆಗೆ ಕಡೆದು ನಿಲ್ಲಿಸಿದರೆ ಅಲಗು 5 ಮಿ.ಮೀ. ದಪ್ಪ, 14 ಮಿ.ಮೀ. ಅಗಲ ಬರುತ್ತದೆ. ಆಮೇಲೆ ನಡುಬಿಂದುವಿಗೆ ಮರಳಿ ಹಿಡಿ ಕಡೆಯುವುದು. ನಡು ತಪ್ಪಿ ತಿರುಗುವಾಗ ಚೌಕದ ಮೂಲೆಗಳು ಕಣ್ಣಿಗೆ ಕಾಣುವುದಿಲ್ಲ. ಲೇತಿನ ವೇಗ ತಗ್ಗಿಸಿ, ಬೆರಳು ದೂರವಿಡಬೇಕು. ಮೂಗಿಗೆ ಮಾಸ್ಕ್ ಇಲ್ಲದೆ ಲೇತಿನ ಮುಂದೆ ನಿಲ್ಲಲೇಬಾರದು, ಇದರ ಧೂಳು ನುಣ್ಣಗೆ. ಉಳಿಯ ಬಾಯಿ ಬೇಗ ಮೊಂಡಾಗುವುದರಿಂದ ಕಾರ್ಬೈಡ್ ಬಾಯಿಯದು ಒಳ್ಳೆಯದು. ಮೊಂಡು ಉಳಿ ನಾರನ್ನು ಕೊಯ್ಯುವುದಿಲ್ಲ, ಕಿತ್ತು ತೆಗೆಯುತ್ತದೆ.

ಉಳಿ ಹಿಡಿಯುವುದನ್ನು ನನಗೆ ಕಲಿಸಿದವರು ಚನ್ನಪಟ್ಟಣದ ಒಬ್ಬ ಹಿರಿಯರು. ಅಲ್ಲಿ ಬಿಳಿಯ ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ಕೇದಗೆ ಗರಿ ಒತ್ತಿ ಹೊಳಪು ತರುತ್ತಾರೆ. ನಾನು ಹಿಡಿಗೆ ಮಾತ್ರ ಬಣ್ಣವಿಲ್ಲದ ಅರಗು ಕೊಡುತ್ತೇನೆ. ಅಲಗಿಗೆ ಎಮರಿ ಕಾಗದ, ಕೊನೆಗೆ ಜೇನುಮೇಣ. ಕಪ್ಪು ನಾರಿನ ಗೆರೆಗಳು ಮುಚ್ಚಿಹೋದರೆ ತೆಂಗನ್ನು ಆರಿಸಿಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. "ಕೊಬ್ಬರಿ ಎಣ್ಣೆ ಹಚ್ಚಬಾರದಾ?" ಎಂದು ಎಲ್ಲರೂ ಕೇಳುತ್ತಾರೆ. ಅದು ಅಗಸೆ ಎಣ್ಣೆಯಂತೆ ಒಣಗಿ ಗಟ್ಟಿಯಾಗುವುದಿಲ್ಲ, ಜಿಡ್ಡು ಉಳಿದು ಕಾಗದಕ್ಕೆ ಕಲೆ ಮಾಡುತ್ತದೆ.

ಹಿಡಿಗೂ ಅಲಗಿಗೂ ನಡುವೆ ಕೆಲವಕ್ಕೆ ಚಿಪ್ಪಿನ ಬಳೆ ತೊಡಿಸುತ್ತೇನೆ. ನಮ್ಮ ಉಂಡೆ ಕೊಬ್ಬರಿಗಾಗಿ ಕಾಯಿಗಳು ಹೆಚ್ಚುಕಡಿಮೆ ವರ್ಷದವರೆಗೆ ಅಟ್ಟದ ಮೇಲಿರುತ್ತವೆ; ಒಳಗೆ ಕೊಬ್ಬರಿ ಒಣಗಿ ಬಿಡಿಯಾಗುವಷ್ಟರಲ್ಲಿ ಚಿಪ್ಪೂ ಹದವಾಗಿ ಒಣಗಿರುತ್ತದೆ. ಇದಕ್ಕಿಂತ ಒಳ್ಳೆಯ ಚಿಪ್ಪನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲಗನ್ನು ಚಾಕುವಿನಷ್ಟು ಹರಿತ ಮಾಡಬಾರದು. ಹರಿತವಾದರೆ ಮಡಿಕೆ ಬಿಟ್ಟು ಅಡ್ಡ ಹರಿದು ಒಳಗಿನ ಕಾಗದಕ್ಕೂ ತಾಗುತ್ತದೆ. ಮದುವೆ ಕರೆಯೋಲೆ, ಎಲ್‌ಐಸಿ ನೋಟಿಸು, ಬ್ಯಾಂಕಿನ ಕಾಗದ ಇಂದಿಗೂ ಲಕೋಟೆಯಲ್ಲೇ ಬರುತ್ತವೆ. ಹೆಬ್ಬೆರಳು ತೂರಿಸಿ ಹರಿದರೆ ಒಳಗಿನದೂ ಹರಿಯುವುದುಂಟು.

ತೋಟದವರಲ್ಲಿ ನನ್ನದೊಂದೇ ಬೇಡಿಕೆ. ಮರ ಲಾರಿಗೆ ಕೊಡುವ ಮುನ್ನ ಬುಡದ ಆರಡಿ ಕೊಯ್ದು ಪಕ್ಕಕ್ಕಿಡಿ. ಅಣಬೆ ಹತ್ತಿ ಕೊಳೆತ ಬುಡ ಬೇಡ, ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಠಣ್ ಎನ್ನುವಂಥದ್ದು ಬೇಕು. ಮೇಲಿನದೆಲ್ಲ ಗೂಡಿಗೆ ಹೋಗಲಿ.