ಗೆರೆ ಕೈಯದು, ತಿರುಗಾಟ ಕಂಪ್ಯೂಟರಿನದು

ಯಕ್ಷಗಾನವನ್ನು ಆನಿಮೇಶನ್ ಮಾಡುವುದಾದರೆ ಕೈಯಲ್ಲಿ ಬಿಡಿಸಬೇಕೋ, ಕಂಪ್ಯೂಟರಿನಲ್ಲಿ ತ್ರೀಡಿ ಮಾಡಬೇಕೋ? ಎರಡನ್ನೂ ಬೆರೆಸಬೇಕು ಎಂಬುದು ನನ್ನ ವಾದ. ಮುಟ್ಟಳ್ಳಿಯಿಂದ ಕುಮಟೆಯವರೆಗೆ ಆಟ ನೋಡಿದವರಿಗೆ, 1934ರಲ್ಲಿ ಹುಟ್ಟಿದ ಕೆರೆಮನೆಯವರ ಇಡಗುಂಜಿ ಮೇಳದ ವೇಷ ಕಂಡವರಿಗೆ ಗೊತ್ತು: ಬಡಗುತಿಟ್ಟು ಶೈಲಿಯ ಜೀವ ಮುಖದ ಮೇಲೆ ಎಳೆದ ಗೆರೆಯಲ್ಲಿದೆ. ಅದನ್ನು ಕೈಯೇ ಎಳೆಯಬೇಕು. ಆದರೆ ಮುಂಡಾಸು, ಭುಜಕೀರ್ತಿ ಹೊತ್ತ ವೇಷ ಗಿರಗಿರನೆ ತಿರುಗುವಾಗ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಆ ಆಭರಣವನ್ನೆಲ್ಲ ಕೈಯಲ್ಲೇ ಬಿಡಿಸುವುದು ಹಟವಷ್ಟೇ.

ಈ ಬೆರಕೆ ಹೊಸ ಕನಸಲ್ಲ. 2012ರ ‘ಪೇಪರ್‌ಮ್ಯಾನ್’ ಕಿರುಚಿತ್ರಕ್ಕೆ ಡಿಸ್ನಿ ಬಳಸಿದ್ದು ಮಿಯಾಂಡರ್ ಎಂಬ ತಂತ್ರಾಂಶ. ಕಲಾವಿದರು ಮುಖ್ಯ ಚೌಕಟ್ಟುಗಳಲ್ಲಿ ಗೆರೆ ಎಳೆದರು; ಅಡಿಯಲ್ಲಿದ್ದ ತ್ರೀಡಿ ಪಾತ್ರ ಚಲಿಸಿದಂತೆ ಗೆರೆಯೂ ಸಾಗಿತು; ಕೆಟ್ಟಲ್ಲಿ ಮತ್ತೆ ತಿದ್ದಿದರು. ಆಸ್ಕರ್ ಕೂಡ ಬಂತು. ಮಿಯಾಂಡರ್ ದೊಡ್ಡ ಕಂಪನಿಯ ಸ್ವಂತ ಸೊತ್ತು, ನಮಗೆಲ್ಲಿ ಸಿಕ್ಕೀತು ಎನ್ನಬಹುದು. ಆದರೆ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ ಪೂರ್ತಿ ಉಚಿತ, ಅದರ ಗ್ರೀಸ್ ಪೆನ್ಸಿಲ್ ಎಂಬ ಸಾಧನದಲ್ಲಿ ತ್ರೀಡಿ ದೃಶ್ಯದೊಳಗೇ ಚಿತ್ರ ಬಿಡಿಸಬಹುದು. ಯಂತ್ರ ನೆಚ್ಚಿದರೆ ಕೈ ಜಡವಾಗದೇ ಎಂಬ ಆಕ್ಷೇಪದಲ್ಲಿ ಮಾತ್ರ ತೂಕವಿದೆ. ಎರಡು ಚಿತ್ರಗಳ ನಡುವಿನ ಹಾದಿಯನ್ನು ಯಂತ್ರ ತುಂಬೀತು; ಕುಣಿಯುತ್ತಿದ್ದ ವೇಷ ಒಮ್ಮೆಲೇ ನಿಂತು ಕಣ್ಣರಳಿಸುವ ಗಳಿಗೆ ಯಾವುದೆಂದು ಅದಕ್ಕೆ ತಿಳಿಯದು. ಅದನ್ನು ನಿರ್ಧರಿಸಬೇಕಾದದ್ದು ಚೆಂಡೆಯ ಪೆಟ್ಟು ಕೇಳಿ ಬೆಳೆದ ಕಲಾವಿದರೇ. ಹಾಗಾಗಿ ಕಣ್ಣು, ಹುಬ್ಬು, ಮೀಸೆ ಕೈಗೆ. ತಿರುಗುವ ಆಭರಣ ತ್ರೀಡಿಗೆ. ಬ್ಲೆಂಡರ್ ಇಳಿಸಿಕೊಳ್ಳಿ, ಮೊದಲು ವೇಷದ ತಲೆಗೇರುವ ಒಂದು ಕೇದಗೆ ಮುಂದಲೆ ಬಿಡಿಸಿ ತಿರುಗಿಸಿ ನೋಡಿ.