ಸದ್ದು ಜಾಸ್ತಿಯಾದರೆ ಪಿಕಪ್ ಬಂತೇ?

ಬೆಳಗಾವಿಯ ರವಿವಾರ ಪೇಟೆಯಲ್ಲಿ ವ್ಯಾಪಾರ ಕಾವೇರಿತೆಂದರೆ ಬೈಕುಗಳು ಎರಡನೇ ಗೇರು ದಾಟುವುದೇ ಅಪರೂಪ. ಸಗಟು ಅಂಗಡಿಯ ಮುಂದೆ ಟೆಂಪೊ ನಿಂತಿರುತ್ತದೆ, ಹಮಾಲರು ಚೀಲ ಇಳಿಸುತ್ತಿರುತ್ತಾರೆ, ಅಷ್ಟರಲ್ಲಿ ಕೈಗಾಡಿಯೊಂದು ಅಡ್ಡ ಬರುತ್ತದೆ. ಹಿಂದಿನ ಸೀಟಿಗೆ ಬೇಳೆಯ ಚೀಲ ಕಟ್ಟಿಕೊಂಡ ಬೈಕು ಕ್ಲಚ್ಚಿನ ಮೇಲೆಯೇ ತೆವಳುತ್ತದೆ. ರಜೆಯ ದಿನ ಅದೇ ಬೈಕು ಖಾನಾಪುರದ ಹೆದ್ದಾರಿ ಹಿಡಿಯುತ್ತದೆ. ಇಲ್ಲವೇ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾ ಮುಟ್ಟಿ, ಇಬ್ಬರನ್ನು ಹೊತ್ತು ಅದೇ ಏರನ್ನು ಹತ್ತಿ ಬರುತ್ತದೆ. ಪೇಟೆಯ ಭಾರ, ಹೆದ್ದಾರಿಯ ಓಟ, ಘಾಟಿನ ಏರು ಈ ಮೂರನ್ನೂ ಒಂದೇ ಸಿಲಿಂಡರಿನ ಎಂಜಿನ್ ಮಾಡಬೇಕು. ಹಾಗಾಗಿ ಅದರಿಂದ ಇನ್ನಷ್ಟು ಶಕ್ತಿ ತೆಗೆಯಬೇಕೆಂಬ ಆಸೆ ಸಹಜವಾದದ್ದು, ತಪ್ಪಲ್ಲ.

ಆದರೆ ಆ ಆಸೆ ಮೊದಲು ಕೈಹಾಕುವುದು ಸೈಲೆನ್ಸರಿಗೆ. "ಸೈಲೆನ್ಸರ್ ಓಪನ್ ಮಾಡಸ್ರಿ, ಪಿಕಪ್ ಬರತೈತಿ" ಎಂಬ ಮಾತು ಗ್ಯಾರೇಜಿನ ಬಾಗಿಲಲ್ಲಿ ಎಷ್ಟೋ ವರ್ಷಗಳಿಂದ ನಿಂತಿದೆ. ಅದಕ್ಕೊಂದು ಹಳೆಯ ಕಾರಣವೂ ಇದೆ.

ಆ ಕಾರಣ ಮೈಸೂರಿನಲ್ಲಿದೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ 250 ಸಿಸಿಯ ಟೂ ಸ್ಟ್ರೋಕ್ ಬೈಕುಗಳನ್ನು ತಯಾರಿಸಿತು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಯುತ್ತದೆ. ಉರಿದ ಆಯಿಲ್ ಸೈಲೆನ್ಸರಿನ ಒಳಗೆ, ಹೊಗೆ ಹೊರಬೀಳುವ ಕಿಂಡಿಯ ಸುತ್ತ ಕರಿಯಾಗಿ ಗಟ್ಟಿ ಕಟ್ಟುತ್ತದೆ. ದಿನ ಕಳೆದಂತೆ ಬೈಕು ಏರಿನಲ್ಲಿ ಉಸಿರುಗಟ್ಟುತ್ತದೆ. ಸೈಲೆನ್ಸರ್ ಬಿಚ್ಚಿ ಒಳಗಿನ ಬ್ಯಾಫಲ್ ಸುಟ್ಟು, ಕೆರೆದು, ತಿರುಗಿ ಹಾಕಿದರೆ ಪಿಕಪ್ ನಿಜಕ್ಕೂ ಬರುತ್ತಿತ್ತು. ಮನೆಯ ಅಂಗಳದಲ್ಲೇ ಮಾಡಬಹುದಾಗಿದ್ದ ಆ ಕೆಲಸ ಕಳೆದುಹೋದ ಶಕ್ತಿಯನ್ನು ವಾಪಸು ತರುತ್ತಿತ್ತು, ಹೊಸ ಶಕ್ತಿಯನ್ನೇನೂ ಹುಟ್ಟಿಸುತ್ತಿರಲಿಲ್ಲ. ಎಂಜಿನ್ ಬದಲಾಗಿ ಫೋರ್ ಸ್ಟ್ರೋಕ್ ಬಂತು, ಮಾತು ಮಾತ್ರ ಉಳಿಯಿತು.

ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನ ಒಂದು ಅಂಗವೇ ಆಗಿದೆ ಎಂಬುದನ್ನು ತೋರಿಸಿಕೊಟ್ಟವನು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಸಿಲಿಂಡರಿನಿಂದ ಹೊರಟ ಒತ್ತಡದ ಅಲೆ ಪೈಪಿನ ಕೊನೆಯ ಇಳಿಜಾರು ಗೋಡೆಗೆ ಬಡಿದು ಹಿಂದಿರುಗುತ್ತದೆ. ಸರಿಯಾದ ಕ್ಷಣಕ್ಕೆ ಹಿಂದಿರುಗಿದರೆ, ಹೊರಗೆ ಸೋರಿಹೋಗುತ್ತಿದ್ದ ಹೊಸ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ದೂಡುತ್ತದೆ. ಈ ಲೆಕ್ಕ ಹಿಡಿದು ಕಾಡೆನ್ 1961ರ ಹೊತ್ತಿಗೆ ಒಂದೇ ಸಿಲಿಂಡರಿನ 125 ಸಿಸಿ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪರಾರಿಯಾಗಿ ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಯ್ದ. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಜುಕಿಯ ಪಾಲಾಯಿತು. ಪೈಪಿನ ಉದ್ದ, ಅಗಲ, ಕೊನೆಯ ಇಳಿಜಾರು ಎಲ್ಲವೂ ಅಳತೆಯ ಮಾತು. ಪೈಪು ಕೊಯ್ದು ಬಾಯಿ ತೆರೆದರೆ ಆ ಅಲೆಯೇ ಇಲ್ಲವಾಗುತ್ತದೆ.

ಉತ್ತರ ಕರ್ನಾಟಕದ ಊರುಗಳಲ್ಲಿ ಇವತ್ತಿಗೂ ಜೀವದಂತೆ ಕಾಪಾಡಿಕೊಂಡ ಯಮಹಾ ಆರ್‌ಎಕ್ಸ್ 100 ಕಾಣಸಿಗುತ್ತದೆ. 1985ರಿಂದ 1996ರವರೆಗೆ ತಯಾರಾದ ಈ ಬೈಕಿನದು 98 ಸಿಸಿ, 11 ಅಶ್ವಶಕ್ತಿ. ತೂಕ ಕಡಿಮೆ ಇದ್ದದ್ದೇ ಅದರ ಚುರುಕಿನ ಗುಟ್ಟು. ಪೋರ್ಟಿಂಗ್ ಹೆಸರಿನಲ್ಲಿ ಅದರ ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿ ಎತ್ತರಿಸುವವರಿದ್ದಾರೆ. ಹೊಗೆಯ ಕಿಂಡಿ ಮೇಲೇರಿದಷ್ಟೂ ಶಕ್ತಿ ಹೆಚ್ಚಿನ ಆರ್‌ಪಿಎಂ ಕಡೆಗೆ ಸರಿಯುತ್ತದೆ, ಕೆಳಗಿನ ವೇಗದಲ್ಲಿ ಎಳೆತ ಸಾಯುತ್ತದೆ. ನೇರ ರಸ್ತೆಯ ಓಟಕ್ಕೆ ಅದು ಸರಿ. ರವಿವಾರ ಪೇಟೆಯ ಗಲ್ಲಿಗೆ ಅದರಷ್ಟು ಕೆಟ್ಟ ಎಂಜಿನ್ ಇನ್ನೊಂದಿಲ್ಲ. ಉಜ್ಜಿದ ಲೋಹ ಮರಳಿ ಬರುವುದೂ ಇಲ್ಲ.

ಫೋರ್ ಸ್ಟ್ರೋಕ್ ಬೈಕಿನ ಕಥೆ ಬೇರೆ. ಇಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಮಾತ್ರ ಸ್ಫೋಟ. 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ. ಪ್ರತಿ ಸ್ಫೋಟದ ಹೊಗೆಯೂ ಪೈಪಿನಲ್ಲಿ ಬಿರುಸಾಗಿ ಓಡುತ್ತ ತನ್ನ ಹಿಂದೆ ಒತ್ತಡ ತಗ್ಗಿಸಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದೊಯ್ಯಬೇಕು. ಪೈಪು ತೀರ ಅಗಲವಾದರೆ ಆ ಬಿರುಸು ತಗ್ಗುತ್ತದೆ, ನಡು ವೇಗದ ಎಳೆತ ಇಳಿಯುತ್ತದೆ. ಪೇಟೆಯಲ್ಲಿ, ಏರಿನಲ್ಲಿ ಬೇಕಾದದ್ದು ಆ ಎಳೆತವೇ. ಸದ್ದು ಏರಿದ್ದರಿಂದ ಸವಾರನಿಗೆ ಬೈಕು ಜೋರಾಗಿ ಓಡಿದಂತೆ ಅನ್ನಿಸುತ್ತದೆ, ಗಡಿಯಾರ ಹಿಡಿದು ನೋಡಿದರೆ ಅದೇ ಸಮಯ, ಇಲ್ಲವೇ ಹೆಚ್ಚಿನ ಸಮಯ.

ಹಾಗಿದ್ದರೆ ಮನೆಯಲ್ಲೇ ಏನು ಮಾಡಬಹುದು? ಮೊದಲಿಗೆ ಟ್ಯಾಪೆಟ್. ಸಣ್ಣ ಎಂಜಿನ್ನುಗಳಲ್ಲಿ ವಾಲ್ವಿನ ತುದಿಗೂ ರಾಕರಿಗೂ ನಡುವೆ ಬಹುಮಟ್ಟಿಗೆ 0.05ರಿಂದ 0.10 ಮಿಲಿಮೀಟರ್ ಆಸುಪಾಸಿನ ಸಂದು ಇರುತ್ತದೆ. ಸರಿಯಾದ ಅಳತೆ ಆಯಾ ಬೈಕಿನ ಕೈಪಿಡಿಯಲ್ಲಿದೆ. ಸಂದು ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಹೊಗೆಯ ಕಡೆಯ ವಾಲ್ವ್ ನಿಧಾನವಾಗಿ ಸುಟ್ಟುಹೋಗುತ್ತದೆ. ಅಪಾಯವೇನೆಂದರೆ ಇಂಥ ಎಂಜಿನ್ ಸದ್ದೇ ಮಾಡುವುದಿಲ್ಲ. ಟಕಟಕ ಸದ್ದು ಬರುವುದು ಸಂದು ಹೆಚ್ಚಾದಾಗ. ಸದ್ದಿಲ್ಲ ಎಂದು ಸುಮ್ಮನಿರುವವರ ವಾಲ್ವ್ ಮೊದಲು ಸುಡುತ್ತದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿದ್ದಾಗ ಫೀಲರ್ ಗೇಜ್ ಇಟ್ಟು ನೋಡಬೇಕು. ಒಮ್ಮೆ ನುರಿತ ಮಿಸ್ತ್ರಿಯ ಪಕ್ಕ ಕೂತು ನೋಡಿದರೆ ಕಲಿಯಬಹುದಾದ ಕೆಲಸವಿದು. ಸಗಟು ಪೇಟೆಯ ದೂಳು ತಿಂದ ಏರ್ ಫಿಲ್ಟರ್, ಸವೆದ ಪ್ಲಗ್, ಒಣಗಿದ ಚೈನ್, ಗಾಳಿ ಇಳಿದ ಟೈರ್, ಸರಿಯಾಗಿ ಬಿಡದ ಬ್ರೇಕ್ ಎಲ್ಲ ಸೇರಿ ತಿನ್ನುವ ಶಕ್ತಿಯನ್ನು ಮಾರುಕಟ್ಟೆಯ ಯಾವ ಸೈಲೆನ್ಸರೂ ತುಂಬಿಕೊಡಲಾರದು.

ಬೈಕಿನ ಸ್ವಭಾವವನ್ನೇ ಬದಲಿಸುವ, ಬೇಡವೆಂದರೆ ಹಿಂದಕ್ಕೆ ಪಡೆಯಬಹುದಾದ ಮಾರ್ಪಾಡು ಸ್ಪ್ರಾಕೆಟ್. ಮುಂದಿನದರಲ್ಲಿ 14 ಹಲ್ಲು, ಹಿಂದಿನದರಲ್ಲಿ 42 ಹಲ್ಲು ಇದ್ದರೆ ಅನುಪಾತ 3. ಮುಂದಿನದನ್ನು 13 ಹಲ್ಲಿನದಕ್ಕೆ ಬದಲಿಸಿದರೆ 3.23. ಚಕ್ರಕ್ಕೆ ತಲುಪುವ ಎಳೆತ ಶೇ 7.7ರಷ್ಟು ಏರುತ್ತದೆ. ಎಂಜಿನ್ನಿನ ಶಕ್ತಿ ಅಷ್ಟೇ ಇರುತ್ತದೆ, ಹಂಚಿಕೆ ಬದಲಾಗುತ್ತದೆ. ಮೊದಲು 60 ಕಿಲೋಮೀಟರ್ ವೇಗಕ್ಕೆ ತಿರುಗುತ್ತಿದ್ದಷ್ಟೇ ಎಂಜಿನ್ ತಿರುಗಿದರೆ ಈಗ 56ರ ಹತ್ತಿರ ಓಡುತ್ತದೆ. ಪೇಟೆಯಲ್ಲಿ ಭಾರ ಹೊರುವ, ಜಾಂಬೋಟಿ ಕಡೆಯ ಹಳ್ಳಿಯಿಂದ ದಿನಾ ಏರು ಹತ್ತಿ ಬರುವ ಬೈಕಿಗೆ ಇದು ಒಳ್ಳೆಯ ವ್ಯವಹಾರ. ಖಾನಾಪುರದ ಹೆದ್ದಾರಿಯಲ್ಲಿ ನಿತ್ಯ ಓಡುವವರಿಗೆ ನಷ್ಟ: ಎಂಜಿನ್ ಹೆಚ್ಚು ಕಿರುಚುತ್ತದೆ, ಎವರೇಜ್ ಬೀಳುತ್ತದೆ. ವೇಗದ ಲೆಕ್ಕವನ್ನು ಗೇರ್‌ಬಾಕ್ಸಿನಿಂದ ತೆಗೆದುಕೊಳ್ಳುವ ಬೈಕುಗಳಲ್ಲಿ ಮೀಟರೂ ತಪ್ಪು ತೋರಿಸುತ್ತದೆ.

ಗಾಳಿ, ಪೆಟ್ರೋಲಿನ ಹದಕ್ಕೆ ಈ ಸೀಮೆಯಲ್ಲಿ ವಿಶೇಷ ಮಹತ್ವವಿದೆ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇ 7ರಷ್ಟು ತೆಳು. ಅಷ್ಟೇ ಪ್ರಮಾಣದಲ್ಲಿ ಎಂಜಿನ್ನಿನ ಶಕ್ತಿಯೂ ಕಡಿಮೆ, ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲ್ ತುಸು ಹೆಚ್ಚು. ಬೆಳಗಾವಿಗೆ ಹೊಂದಿಸಲೆಂದು ಕಾರ್ಬುರೇಟರಿಗೆ ಚಿಕ್ಕ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು, ಹಾಕಿಸಿದ ಬೈಕು ಚೋರ್ಲಾ ಇಳಿದು ಗೋವಾ ಮುಟ್ಟುವಾಗ ಗಾಳಿ ದಟ್ಟವಾಗಿ, ಪೆಟ್ರೋಲ್ ಸಾಲದೆ ಬಿಸಿಯೇರಬಹುದು. ಇದರ ಮೇಲೆ ಎಥೆನಾಲ್ ಬಂದಿದೆ. ಕಬ್ಬಿನ ಜಿಲ್ಲೆಯಾದ ಬೆಳಗಾವಿಗೆ ಎಥೆನಾಲ್ ಹೊಸ ಹೆಸರಲ್ಲ. ಶೇ 20 ಎಥೆನಾಲ್ ಬೆರೆತ ಇಂಧನ ಉರಿಯಲು ಬೇಕಾದ ಗಾಳಿ ಕಡಿಮೆ. ಅಂದರೆ ಹಳೆಯ ಜೆಟ್ಟಿನಲ್ಲೇ ಓಡುವ ಹಳೆಯ ಬುಲೆಟ್, ಆರ್‌ಎಕ್ಸ್‌ಗಳ ಮಿಶ್ರಣ ತಾನಾಗಿಯೇ ತೆಳುವಾಗಿದೆ. ಅಂಥ ಬೈಕಿನ ಫಿಲ್ಟರ್ ಡಬ್ಬಿ ಕಿತ್ತು, ಸೈಲೆನ್ಸರ್ ತೆರೆದು, ಜೆಟ್ ಮುಟ್ಟದೆ ಬಿಟ್ಟರೆ ಪಿಸ್ಟನ್ ಹಿಡಿದುಕೊಳ್ಳಲು ದಾರಿ ಮಾಡಿಕೊಟ್ಟಂತೆ. ಪ್ಲಗ್ ಬಿಚ್ಚಿ ನೋಡಿದರೆ ಸುಳಿವು ಸಿಗುತ್ತದೆ: ಬಿಸ್ಕೀಟಿನ ಬಣ್ಣ ಸರಿ, ಕರಿ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲಿನ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದಿದೆ. ಸೆನ್ಸರುಗಳು ಈ ಹದವನ್ನು ತಾವೇ ನೋಡಿಕೊಳ್ಳುತ್ತವೆ. ಅಲ್ಲಿ ಸ್ಕ್ರೂ ಡ್ರೈವರಿಗೆ ಕೆಲಸವಿಲ್ಲ.

ಬೋರ್ ದೊಡ್ಡದು ಮಾಡಿಸುವ ಆಸೆಯೂ ಹಲವರಿಗಿದೆ. ಫೌಂಡ್ರಿಗಳಿಗೆ, ಲೇಥ್ ಕೆಲಸಕ್ಕೆ ಹೆಸರಾದ ಉದ್ಯಮಬಾಗ್ ಇರುವ ಊರಿನಲ್ಲಿ ಕಬ್ಬಿಣದ ಸಿಲಿಂಡರನ್ನು ನೂಲಿನಷ್ಟೂ ತಪ್ಪದೆ ಬೋರ್ ಮಾಡುವ ಕೈಗಳಿಗೆ ಕೊರತೆಯಿಲ್ಲ. ಆದರೆ ಲಾಭದ ಲೆಕ್ಕ ನೋಡಬೇಕು. 97.2 ಸಿಸಿಯ ಸ್ಪ್ಲೆಂಡರ್ ಎಂಜಿನ್ನಿನ ಬೋರ್ 50 ಮಿಲಿಮೀಟರ್. ಅದನ್ನು ಒಂದು ಪೂರ್ತಿ ಮಿಲಿಮೀಟರ್ ಹಿಗ್ಗಿಸಿದರೂ ಸಿಗುವುದು 101 ಸಿಸಿ, ಶೇ 4ರ ಹೆಚ್ಚಳ. ಓವರ್‌ಸೈಜ್ ಪಿಸ್ಟನ್ನುಗಳು ಇರುವುದು ಸವೆದ ಸಿಲಿಂಡರನ್ನು ಉಳಿಸಿಕೊಳ್ಳಲಿಕ್ಕೆ. 2008ರಲ್ಲಿ ಬಂದ ಯಮಹಾ ಆರ್15ರಂಥ ಬೈಕಿನ ಸಿಲಿಂಡರ್ ಸಿಲಿಕಾನ್ ಬೆರೆತ ಅಲ್ಯೂಮಿನಿಯಂನದು. ಅದನ್ನು ಬೋರ್ ಮಾಡುವಂತೆಯೇ ಇಲ್ಲ.

ವೇಗಕ್ಕಿಂತ ಮೊದಲು ನಿಲ್ಲಿಸುವ ಶಕ್ತಿಗೆ ದುಡ್ಡು ಹಾಕಬೇಕು. ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಚಲನಶಕ್ತಿ 2.25 ಪಟ್ಟು ಆಗುತ್ತದೆ. ಮಳೆಗಾಲದಲ್ಲಿ ಕಣಕುಂಬಿಯ ಸುತ್ತ ತಿಂಗಳುಗಟ್ಟಲೆ ಹಸಿಯಾಗಿರುವ ರಸ್ತೆಯ ತಿರುವಿನಲ್ಲಿ ಒಳ್ಳೆಯ ಟೈರ್, ಹೊಸ ಬ್ರೇಕ್ ಪ್ಯಾಡ್, ಸವೆಯದ ಶಾಕ್ ಅಬ್ಸಾರ್ಬರ್ ಇದ್ದವನೇ ನಿಜಕ್ಕೂ ಬೇಗ ಊರು ಸೇರುತ್ತಾನೆ. ಇಂಥ ಖರ್ಚು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ ಎಂಬುದು ದುಃಖದ ಸಂಗತಿ.

ಕಾನೂನಿನ ಮಾತು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸದ್ದು, ಹೊಗೆಯ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ ಹೋಗಬಹುದು, ಸವಾರ ಮೂರು ತಿಂಗಳು ಲೈಸೆನ್ಸಿಗೆ ಅನರ್ಹನಾಗುತ್ತಾನೆ. ತಯಾರಿಕೆಯ ಹಂತದಲ್ಲಿ 175 ಸಿಸಿ ಮೀರಿದ ಬೈಕಿಗೂ ಸದ್ದಿನ ಮಿತಿ 80 ಡೆಸಿಬೆಲ್. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳ ರಾಶಿಯ ಮೇಲೆ ರೋಡ್ ರೋಲರ್ ಹರಿಸಿದ್ದಾರೆ. ದಂಡಕ್ಕಿಂತ ದೊಡ್ಡ ಮಾತೊಂದಿದೆ. ಖಾನಾಪುರ ತಾಲ್ಲೂಕಿನಲ್ಲಿ ಭೀಮಗಡ ವನ್ಯಧಾಮವಿದೆ. ಅದರ ಆಸುಪಾಸಿನ ಹಳ್ಳಿಗಳಲ್ಲಿ ಮಕ್ಕಳು, ಮುದುಕರು ಮಲಗುವ ಹೊತ್ತಿಗೆ ಘಾಟಿನಿಂದ ಗುಂಡು ಹಾರಿದಂತೆ ಸದ್ದು ಬರುವುದು ಯಾರ ಹಕ್ಕೂ ಅಲ್ಲ.

ರೇಸಿನ ಹುಚ್ಚಿರುವ ಹುಡುಗರಿಗೆ ಅದರದ್ದೇ ದಾರಿ ಇದೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯನಾದದ್ದು ಒಂದೇ ಸಿಲಿಂಡರಿನ 450 ಸಿಸಿ ವರ್ಗದ ಬೈಕಿನ ಮೇಲೆ. ಸಾವಿರಾರು ಕಿಲೋಮೀಟರಿನ ಆ ಓಟದಲ್ಲಿ ಗೆಲ್ಲುವುದಕ್ಕಿಂತ ಮೊದಲು ಎಂಜಿನ್ ಉಳಿಯಬೇಕು.

ಮನೆಯಲ್ಲಿ ಕೈಹಾಕುವವರು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲಿ. ಅದೇ ರಸ್ತೆ, ಅದೇ ಹೊತ್ತು, ಅದೇ ಭಾರವಿಟ್ಟು, ಜನವಿಲ್ಲದ ಕಡೆ ಟಾಪ್ ಗೇರಿನಲ್ಲಿ 30ರಿಂದ 60ಕ್ಕೆ ಏರಲು ಹಿಡಿದ ಸೆಕೆಂಡುಗಳನ್ನು ಹಿಂದೆ ಕೂತವರು ಬರೆದಿಡಲಿ. ಟ್ಯಾಂಕ್ ತುಂಬಿಸಿದಾಗಲೆಲ್ಲ ಎವರೇಜ್ ಬರೆಯಲಿ. ಅಂಕಿ ಸುಧಾರಿಸದಿದ್ದರೆ ಹಳೆಯ ಬಿಡಿಭಾಗವನ್ನೇ ತಿರುಗಿ ಹಾಕಲಿ. ಮೂಲ ಸೈಲೆನ್ಸರನ್ನು ಮಾತ್ರ ಗುಜರಿಗೆ ಹಾಕಬೇಡಿ, ಹೊಸದು ಕೊಳ್ಳಲು ಹೋದಾಗ ಅದರ ಬೆಲೆ ತಿಳಿಯುತ್ತದೆ.